ನಂಜೇಗೌಡರು ಹಾಲೆಂಡಿನಲ್ಲಿ ಹಿಡಿದ ಕಳ್ಳ

ದಾಸರಹಳ್ಳಿ

ಹಾಲೆಂಡಿಗೆ ನನ್ನ ಜೊತೆ ಬರುವವರು ಯಾರು ಎಂದು ಗೊತ್ತಾದ ದಿನ, ಈ ಪ್ರವಾಸವೇ ಬೇಡ ಎಂದು ಬರೆದುಕೊಟ್ಟುಬಿಡೋಣ ಅನ್ನಿಸಿತ್ತು. ಅಮಲಿನ ಚಟಕ್ಕೆ ಬಿದ್ದವರನ್ನು ಅಲ್ಲಿನ ಪೊಲೀಸರೂ ಆಸ್ಪತ್ರೆಯವರೂ ಸೇರಿ ಹೇಗೆ ನೋಡಿಕೊಳ್ಳುತ್ತಾರೆ ಎಂಬುದನ್ನು ಕಂಡು ಬರಲು ಒಬ್ಬ ಡಾಕ್ಟರು, ಒಬ್ಬ ಪೊಲೀಸ್ ಅಧಿಕಾರಿ ಒಟ್ಟಿಗೆ ಹೋಗಲಿ ಎಂದು ಮೇಲಿನವರು ತೀರ್ಮಾನಿಸಿದ್ದರು. ಡಾಕ್ಟರು ನಾನು. ಪೊಲೀಸ್ ಅಧಿಕಾರಿ ನಮ್ಮ ಕಡೆಯ ಸ್ಟೇಷನ್ನಿನ ಇನ್ಸ್‌ಪೆಕ್ಟರ್ ನಂಜೇಗೌಡರು. ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ ಸಂಬಂಧ. ಮಾತು ಬಿಟ್ಟೇ ತಿಂಗಳುಗಳಾಗಿದ್ದವು.

ಲಗ್ಗೆರೆ ನನ್ನ ತವರು. ನಮ್ಮಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸ್ಪ್ರಿಂಗು ಮಾಡುವ ಕಾರ್ಖಾನೆಯೊಂದು ದಿನವಿಡೀ ಕಿರುಗುಡುತ್ತದೆ. ಪೀಣ್ಯದಲ್ಲಿ ಶೆಡ್ಡುಗಳು ಎದ್ದ ಹಾಗೆ ದಾಸರಹಳ್ಳಿಯಲ್ಲಿ ವಠಾರಗಳು ಎದ್ದವು, ವಠಾರದ ತುಂಬ ಹುಡುಗರು ತುಂಬಿಕೊಂಡರು. ನಾನು ಅಲ್ಲಿನ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಬಂದ ಹೊಸದರಲ್ಲಿ ನೋಡುತ್ತಿದ್ದದ್ದು ಕೆಮ್ಮು, ಭೇದಿ, ಮೆಷಿನ್ನಿಗೆ ಸಿಕ್ಕಿದ ಬೆರಳು. ಎಂಬತ್ತರ ದಶಕ ನಡುವಿಗೆ ಬರುವ ಹೊತ್ತಿಗೆ ಇನ್ನೊಂದು ಕಾಯಿಲೆ ಸೇರಿಕೊಂಡಿತು. ಎರಡೆರಡು ಶಿಫ್ಟು ದುಡಿಯುವ ಹುಡುಗರು ಸುಸ್ತಿಗೆಂದು ಮೊದಲು ಮಾತ್ರೆ ನುಂಗುವುದು, ಆಮೇಲೆ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದದ ಮೇಲೆ ಬ್ರೌನ್ ಶುಗರ್ ಕಾಯಿಸಿ ಹೊಗೆ ಎಳೆಯುವುದು. ಊರಿನವರು ಅದನ್ನು 'ಪುಡಿ' ಎಂದಷ್ಟೇ ಕರೆಯುತ್ತಿದ್ದರು, ಪೂರ್ತಿ ಹೆಸರು ಹೇಳಿದರೆ ಎಲ್ಲಿ ಮನೆಗೇ ಬಂದುಬಿಡುತ್ತದೋ ಎನ್ನುವ ಹಾಗೆ.

ಅವರಿಗಾಗಿ ನಾನು ಮಂಗಳವಾರದ ಮಧ್ಯಾಹ್ನವನ್ನು ಬಿಡುವು ಮಾಡಿಕೊಂಡೆ. ನನ್ನ ಬಳಿ ಇದ್ದ ಔಷಧಿ ಅಷ್ಟಕ್ಕಷ್ಟೇ. ನಡುಕಕ್ಕೆ, ನಿದ್ದೆಗೆ, ಹೊಟ್ಟೆನೋವಿಗೆ ಒಂದೊಂದು ಮಾತ್ರೆ, ಮಿಕ್ಕಿದ್ದೆಲ್ಲ ಮಾತು. ಆದರೂ ಹುಡುಗರು ಬಂದರು. ಅವರಲ್ಲಿ ಮುನಿರಾಜು ಅಂತ ಒಬ್ಬ. ದಾಸರಹಳ್ಳಿಯ ಹಳೇ ಮನೆತನದ ಅಕ್ಕಯ್ಯಮ್ಮನ ಮಗ, ಲೇಥಿನ ಮೇಲೆ ಕೈ ಇಟ್ಟರೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗದಂಥ ಕೆಲಸಗಾರ. ಒಂದು ಮಳೆಗಾಲ ಪೂರ್ತಿ ಪುಡಿ ಮುಟ್ಟದೆ ಇದ್ದ. ಕೆಲಸಕ್ಕೂ ಹೋಗತೊಡಗಿದ್ದ.

ಆಗ ನಂಜೇಗೌಡರಿಗೆ ಒಂದು ಜ್ಞಾನೋದಯವಾಯಿತು. ಪುಡಿ ಎಳೆಯುವವರನ್ನು ಪೀಣ್ಯದ ಸಂದಿಗೊಂದಿಯಲ್ಲಿ ಹುಡುಕುವುದೇಕೆ, ಎಲ್ಲರೂ ಮಂಗಳವಾರ ಡಾಕ್ಟ್ರಮ್ಮನ ಬಾಗಿಲಿಗೇ ಬರುತ್ತಾರಲ್ಲ! ಅವರ ಕಾನ್‌ಸ್ಟೇಬಲ್‌ಗಳು ಎದುರಿನ ಟೀ ಅಂಗಡಿಯಲ್ಲಿ ಕೂತು, ಔಷಧಿ ತಗೊಂಡು ಹೊರಬಂದವರನ್ನು ಹಾಗೆ ಹಾಗೇ ಜೀಪಿಗೆ ತುಂಬಿಕೊಂಡು ಹೋದರು. ಮುನಿರಾಜು ಲಾಕಪ್ಪಿನಲ್ಲಿ ಹೆದರಿ ವಾಂತಿ ಮಾಡಿಕೊಂಡು ಹೊರಬಂದ. ಸ್ಟೇಷನ್ನಿನಿಂದ ಹೊರಟವನು ನೇರ ಪುಡಿ ಮಾರುವವನ ಹತ್ತಿರವೇ ಹೋದ. ಆಮೇಲೆ ನನ್ನ ಮಂಗಳವಾರದ ಬೆಂಚು ಖಾಲಿಯಾಯಿತು. ನಾನು ಸ್ಟೇಷನ್ನಿಗೆ ಹೋಗಿ ನಂಜೇಗೌಡರ ಮೇಜು ಗುದ್ದಿ ಬಂದೆ. "ನೀವು ಔಷಧಿ ಕೊಡ್ರಿ, ನಾನು ಕಾನೂನು ನೋಡ್ತೀನಿ" ಎಂದರು. ನಮ್ಮ ಕೊನೆಯ ಮಾತು ಅದೇ.

ಹೊರಡುವ ಮುಂಚೆ ಅಕ್ಕಯ್ಯಮ್ಮ ಬಂದರು. ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ನಿಂಬೆಹಣ್ಣನ್ನು, ವಾಂತಿ ಬಂದರೆ ಮೂಸಿ ನೋಡಿ ಎಂದು ಕೊಟ್ಟರು.

"ಆ ಪೊಲೀಸಪ್ಪನ ಜೊತೇಲೇ ಓಗ್ತೀರಂತಲ್ಲ ತಾಯಿ?"

"ಏನು ಮಾಡೋದು ಅಕ್ಕಯ್ಯಮ್ಮ, ನನ್ನ ಹಣೆಬರಹ."

"ಅಂಗನ್ಬೇಡಿ. ಅವ್ರು ನಿಮ್ಮ ಬಾಗ್ಲಿಗೆ ಬರಾಕಿಲ್ಲ ಅಂತ ಒಂದ್ ಮಾತು ಅವ್ರ ಬಾಯಲ್ಲೇ ಏಳುಸ್ಕಂಡ್ ಬನ್ನಿ. ಅಷ್ಟಾದ್ರೆ ನಮ್ ಮುನಿರಾಜೂನ ನಾನು ಎಂಗಾರ ಮಾಡಿ ಕರ್ಕಂಬತ್ತೀನಿ. ಇಲ್ದಿದ್ರೆ ಅವ್ನು ಉಳಿಯಾಕಿಲ್ಲ. ದಿನಾ ನೋಡ್ತಾ ಇವ್ನಿ."

ಹೀಗೆ ನಾನು ಹಾಲೆಂಡಿಗೆ ಹೋದದ್ದು ಕಲಿಯುವುದಕ್ಕಲ್ಲ, ಒಬ್ಬರ ಬಾಯಿಂದ ಒಂದು ಮಾತು ಹೊರಡಿಸುವುದಕ್ಕೆ.

ವಿಮಾನ ನಿಲ್ದಾಣ

ನಂಜೇಗೌಡರು ಮಂಡ್ಯ ಕಡೆಯವರು. ಇಲ್ಲಿ ವಿಮಾನ ಹತ್ತುವಾಗಲೇ ಮಂಕಿ ಟೋಪಿ ಹಾಕಿಕೊಂಡವರು ಅಲ್ಲಿ ಇಳಿಯುವ ತನಕ ತೆಗೆಯಲಿಲ್ಲ. ಗಗನಸಖಿ ಊಟ ತಂದಾಗ ಒಂದು ಸಲ, ಕಾಫಿ ತಂದಾಗ ಒಂದು ಸಲ ಅದರ ಬಾಯಿಯನ್ನು ಕೆಳಗೆ ಎಳೆದುಕೊಂಡರು. ನನ್ನ ಜೊತೆ ಆಡಿದ್ದು "ಕಿಟಕಿ ಮುಚ್ರಿ, ಬಿಸಿಲು" ಎಂಬ ಒಂದೇ ಮಾತು.

ಅಲ್ಲಿ ಇಳಿದ ಮೇಲೆ ನನ್ನ ಪೆಟ್ಟಿಗೆ ಸಲೀಸಾಗಿ ಹೊರಬಂತು. ಅವರದು ಬರಲಿಲ್ಲ. ಕಸ್ಟಮ್ಸಿನವರು ಅದನ್ನು ಬಿಚ್ಚಿ ಮೇಜಿನ ಮೇಲೆ ಒಂದೊಂದಾಗಿ ಜೋಡಿಸಿದರು. ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿದ್ದ ನಸುಗಂದು ಪುಡಿ, ಅದರ ಪಕ್ಕ ಕಡುಗಂದು ಪುಡಿ, ಅದರ ಪಕ್ಕ ಕೆಂಪು ಪುಡಿ. ರಾಗಿ ಹುರಿಹಿಟ್ಟು, ಹುರುಳಿ ಚಟ್ನಿಪುಡಿ, ಸಾರಿನ ಪುಡಿ. ಅಮಲು ಪದಾರ್ಥ ತಡೆಯುವ ವಿದ್ಯೆ ಕಲಿಯಲು ಬಂದ ಇನ್ಸ್‌ಪೆಕ್ಟರು ಬ್ರೌನ್ ಶುಗರ್ ಅನುಮಾನದ ಮೇಲೆ ಕಟಕಟೆಯಲ್ಲಿ ನಿಂತಿದ್ದರು! ನಾನು ಸ್ವಲ್ಪ ಹೊತ್ತು ದೂರದಿಂದಲೇ ನೋಡುತ್ತ ನಿಂತೆ. ಸುಳ್ಳೇಕೆ ಹೇಳಲಿ, ಹೊಟ್ಟೆ ತಣ್ಣಗಾಯಿತು.

ಆಮೇಲೆ ಪಾಪ ಅನ್ನಿಸಿ ಹೋಗಿ ಬಿಡಿಸಿ ಹೇಳಿದೆ. ಚಿಟಿಕೆ ಹುರಿಹಿಟ್ಟನ್ನು ಬಾಯಿಗೆ ಹಾಕಿಕೊಂಡೆ. ಆ ಅಧಿಕಾರಿಯೂ ಹಾಕಿಕೊಂಡು ಚಪ್ಪರಿಸಿ, ಕ್ಷಮೆ ಕೇಳಿ, ಚೀಲಗಳನ್ನು ಮೊದಲಿನಂತೆಯೇ ಗಂಟು ಹಾಕಿಕೊಟ್ಟ. ಹೊರಗೆ ಬಂದ ಮೇಲೆ ನಂಜೇಗೌಡರು ತಮ್ಮಷ್ಟಕ್ಕೆ ತಾವೇ ಹೇಳಿಕೊಂಡರು: "ಕೂರಕ್ಕೆ ಕುರ್ಚಿ ಕೊಟ್ಟ ಕಣ್ರೀ. ನೀರು ಬೇಕಾ ಅಂತ ಕೇಳ್ದ. ಅನುಮಾನ ಇರೋನ್ನ ಯಾರಾದ್ರೂ ನೀರು ಬೇಕಾ ಅಂತ ಕೇಳ್ತಾರಾ?" ನಾನು ಪೆಟ್ಟಿಗೆ ಎತ್ತಿಕೊಂಡು ಮುಂದೆ ನಡೆದೆ. ಮಾತು ಬಿಟ್ಟಿದ್ದೆನಲ್ಲ.

ಬಂದರಿನ ಊರು

ನಾವು ಉಳಿದುಕೊಂಡದ್ದು ಒಂದು ಬಂದರಿನ ಊರಿನಲ್ಲಿ. ಅದರ ಹೆಸರನ್ನು ಹೇಳಬೇಕಾದರೆ ಗಂಟಲಿನಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳನ್ನು ಕೆರೆದು ತೆಗೆಯುವ ಸದ್ದು ಮಾಡಬೇಕು. ಅದು ನನಗೆ ಕೊನೆಗೂ ಬರಲಿಲ್ಲ. ನಂಜೇಗೌಡರಿಗೆ ಮಾತ್ರ ಮೊದಲ ಸಲಕ್ಕೇ ಬಂತು.

ಊರು ಚಂದ. ಕಾಲುವೆಗಳು, ಕಾಲುವೆಗಳಿಗೆ ಹತ್ತಿಕೊಂಡಂತೆ ಕಿರಿದಾದ ಎತ್ತರದ ಮನೆಗಳು, ಎಲ್ಲಿ ನೋಡಿದರೂ ಸೈಕಲ್ಲು. ಜನ ಕಿಟಕಿಗೆ ಪರದೆಯನ್ನೇ ಎಳೆಯುವುದಿಲ್ಲ. ಬೀದಿಯಲ್ಲಿ ಹೋಗುವವರಿಗೆ ಅವರ ಸೋಫಾ, ಅವರ ಬೆಕ್ಕು, ಅವರು ತಿನ್ನುತ್ತಿರುವ ಆಲೂಗಡ್ಡೆ ಎಲ್ಲವೂ ಕಾಣುತ್ತದೆ, ಆದರೆ ಯಾರೂ ನೋಡುವುದಿಲ್ಲ. ನಾನೊಬ್ಬಳೇ ಕಣ್ಣರಳಿಸಿಕೊಂಡು ನೋಡುತ್ತ ಹೋದೆ. ನಮ್ಮ ವಠಾರದಲ್ಲಿ ಇದಕ್ಕೆ ತಿರುವುಮುರುವು. ಬಾಗಿಲು ಮುಚ್ಚಿದ್ದರೂ ಒಳಗೆ ಏನು ಬೇಯುತ್ತಿದೆ ಎಂದು ಎಲ್ಲರಿಗೂ ಗೊತ್ತಿರುತ್ತದೆ.

ಮಧ್ಯಾಹ್ನದ ಊಟವೆಂದರೆ ಬ್ರೆಡ್ಡು. ಅದರ ಮೇಲೆ ಬೆಣ್ಣೆ ಸವರಿ ಚಾಕೊಲೇಟಿನ ಸಣ್ಣ ಕಾಳುಗಳನ್ನು ಉದುರಿಸಿಕೊಂಡು ದೊಡ್ಡ ದೊಡ್ಡ ಅಧಿಕಾರಿಗಳು ಗಂಭೀರವಾಗಿ ತಿನ್ನುತ್ತಾರೆ. ನಂಜೇಗೌಡರು ಬ್ರೆಡ್ಡಿನ ಮೇಲೆ ಹುರುಳಿ ಚಟ್ನಿಪುಡಿ ಉದುರಿಸಿಕೊಂಡು ಸಮ ಮಾಡಿಕೊಂಡರು. ಯಾರ ಮನೆಗೆ ಹೋದರೂ ಕಾಫಿಯ ಜೊತೆ ಒಂದು ಡಬ್ಬಿ ಬರುತ್ತದೆ, ಒಂದು ಬಿಸ್ಕತ್ತು ತಗೊಂಡ ಕೂಡಲೇ ಡಬ್ಬಿಯ ಮುಚ್ಚಳ ಟಪ್ಪೆಂದು ಮುಚ್ಚಿಕೊಂಡು ಒಳಗೆ ಹೋಗುತ್ತದೆ. ನಮ್ಮಲ್ಲಿ ಹೀಗೆ ಮಾಡಿದರೆ ಸಂಬಂಧ ಮುರಿದು ಹೋಗುತ್ತದೆ. ಅಲ್ಲಿ ಅದೇ ಮರ್ಯಾದೆ. ಆ ಒಂದು ಬಿಸ್ಕತ್ತನ್ನು ಎಷ್ಟು ಅಕ್ಕರೆಯಿಂದ ಕೊಡುತ್ತಾರೆಂದರೆ, ಎರಡನೆಯದಕ್ಕೆ ಕೈ ಚಾಚಿದ್ದ ನಮಗೇ ನಾಚಿಕೆಯಾಗಬೇಕು.

ಬಸ್ಸು ನಿಲ್ಲುವ ಜಾಗ

ಅಲ್ಲಿ ಒಂದು ಬಸ್ಸು ಇತ್ತು. ಸಿಟಿ ಬಸ್ಸಿನ ಹಾಗೆಯೇ, ಆದರೆ ಒಳಗೆ ಸೀಟುಗಳ ಬದಲು ಒಂದು ಕಟ್ಟೆ, ಕಟ್ಟೆಯ ಹಿಂದೆ ರಿಯಾ ಎಂಬ ನರ್ಸಮ್ಮ. ಎತ್ತರಕ್ಕೆ ದಪ್ಪಕ್ಕೆ ಇದ್ದ ಆಕೆ ನಕ್ಕರೆ ಬಸ್ಸೇ ಅಲ್ಲಾಡುತ್ತಿತ್ತು. ಬಸ್ಸು ದಿನಾ ಗೊತ್ತಾದ ಹೊತ್ತಿಗೆ ಗೊತ್ತಾದ ಜಾಗಗಳಲ್ಲಿ ನಿಲ್ಲುತ್ತದೆ. ಚಟಕ್ಕೆ ಬಿದ್ದವರು ಸಾಲಾಗಿ ಹತ್ತಿ, ರಿಯಾ ಕೊಟ್ಟ ಲೋಟದ ಸಿರಪ್ಪನ್ನು ಅವಳೆದುರಿಗೇ ಕುಡಿದು, ಒಂದೆರಡು ಮಾತಾಡಿ ಇಳಿಯುತ್ತಾರೆ. ಆ ಸಿರಪ್ಪು ಅಫೀಮಿನ ಸಂಬಂಧಿಯೇ. ನಡುಕ ನಿಲ್ಲಿಸುತ್ತದೆ, ಕಳ್ಳತನ ಮಾಡಿ ಪುಡಿ ಕೊಳ್ಳುವ ಅವಸರವನ್ನು ತಪ್ಪಿಸುತ್ತದೆ. ಹುಣ್ಣಿಗೆ ಪಟ್ಟಿ, ಕೆಮ್ಮಿಗೆ ಮಾತ್ರೆ ಕೂಡ ಅಲ್ಲೇ. ಆಸ್ಪತ್ರೆ ಕಾಯಿಲೆಯವರ ಬೀದಿಗೆ ತಾನೇ ಬರುತ್ತಿತ್ತು. ನನಗೆ ಅಸೂಯೆಯಾಯಿತು.

ಬಸ್ಸು ನಿಲ್ಲುವ ಚೌಕದ ತುದಿಯಲ್ಲಿ ಒಂದು ಮೀನಿನ ಗಾಡಿ. ಅಲ್ಲಿ ಆ ಬಡಾವಣೆಯ ಪೊಲೀಸ್ ಹೆಂಕ್ ಸೈಕಲ್ಲು ಒರಗಿಸಿಕೊಂಡು ಹಸಿ ಮೀನು ತಿನ್ನುತ್ತ ನಿಂತಿರುತ್ತಿದ್ದ. ಬಾಲ ಹಿಡಿದು, ತಮ್ಮ ತಲೆ ಮೇಲೆತ್ತಿ, ಮೀನನ್ನು ಬಾಯೊಳಗೆ ಇಳಿಬಿಡುವುದು ಅಲ್ಲಿಯವರ ಕ್ರಮ. ನಂಜೇಗೌಡರು ಮುಖ ಆ ಕಡೆ ತಿರುಗಿಸಿಕೊಂಡರು. ಬಸ್ಸು ನಿಂತಿರುವಷ್ಟು ಹೊತ್ತು ಪೊಲೀಸರು ಆ ಮೀನಿನ ಗಾಡಿ ದಾಟಿ ಈಚೆ ಬರುವಂತಿಲ್ಲ. ಎಲ್ಲೂ ಬರೆದಿಟ್ಟ ನಿಯಮವಲ್ಲ, ರಿಯಾ ಮತ್ತು ಹೆಂಕ್ ಮಾಡಿಕೊಂಡ ಒಪ್ಪಂದ.

"ಆ ಸಾಲಲ್ಲಿ ಸೈಕಲ್ ಕಳ್ಳರಿದ್ದಾರೆ, ಅಲ್ವಾ?" ನಂಜೇಗೌಡರು ಇಂಗ್ಲಿಷಿನಲ್ಲಿ ಕೇಳಿದರು.

"ಇದ್ದಾರೆ. ಆ ಉದ್ದ ಕೂದಲಿನವನು ಹೋದ ತಿಂಗಳು ನನ್ನದನ್ನೇ ಕದ್ದ."

"ಮತ್ತೆ ಹಿಡಿಯೋದಿಲ್ವಾ?"

"ಹಿಡಿದೆನಲ್ಲ, ಅವನ ಮನೆಯಲ್ಲಿ, ಬೇರೆ ದಿನ. ಇಲ್ಲಿಗೆ ಅವನು ಬರೋದು ಔಷಧಿಗೆ. ಇಲ್ಲೇ ಹಿಡಿದರೆ ನಾಳೆಯಿಂದ ನನಗೂ ಸಿಗಲ್ಲ, ರಿಯಾಗೂ ಸಿಗಲ್ಲ."

ನಂಜೇಗೌಡರು ನನ್ನ ಕಡೆ ತಿರುಗಿ ಕನ್ನಡದಲ್ಲಿ ಉರಿದುಬಿದ್ದರು: "ಇವ್ರೇನು ಪೊಲೀಸ್ರೋ ಪೋಸ್ಟ್‌ಮ್ಯಾನ್‌ಗಳೋ? ಕಳ್ಳ ಕಣ್ಣೆದ್ರಿಗೆ ನಿಂತವ್ನೆ, ಈ ಮಾರಾಯ ಮೀನ್ ತಿಂತವ್ನೆ! ಯಾವ ಸೀಮೆ ಡ್ಯೂಟಿ ಡಾಕ್ಟ್ರೇ ಇದು?"

ನಾನು ಬಾಯಿ ತೆರೆಯುವಷ್ಟರಲ್ಲಿ ಅನಾಹುತ ನಡೆದುಹೋಯಿತು. ಸಾಲಿನ ಕೊನೆಯಲ್ಲಿದ್ದ ಸಣಕಲ ಹುಡುಗನೊಬ್ಬ ಜೇಬಿನಿಂದ ಪೊಟ್ಟಣ ತೆಗೆದ. ತೆಳ್ಳನೆ ಕಾಗದದ ಮೇಲೆ ಕಂದು ಎಸಳುಗಳನ್ನು ಉದುರಿಸಿ, ಬೆರಳಲ್ಲಿ ಹೊರಳಿಸಿ, ಅಂಚಿಗೆ ನಾಲಿಗೆ ತಾಗಿಸಿದ. ನಮ್ಮೂರಿನಲ್ಲಿ ಬೀಡಿ ಸೇದುವವರು ಬೀಡಿ ಕೊಳ್ಳುತ್ತಾರೆ, ಸಿಗರೇಟು ಸೇದುವವರು ಸಿಗರೇಟು ಕೊಳ್ಳುತ್ತಾರೆ. ಬೀದಿಯಲ್ಲಿ ನಿಂತು ಕಾಗದದಲ್ಲಿ ಸುತ್ತುತ್ತಿದ್ದಾನೆ ಅಂದರೆ ಅದು ಗಾಂಜಾ, ಎರಡು ಮಾತಿಲ್ಲ. ನಂಜೇಗೌಡರ ಕಾಲು ಮೀನಿನ ಗಾಡಿ ದಾಟಿದ್ದು ಅವರಿಗೂ ಗೊತ್ತಾಗಿರಲಿಕ್ಕಿಲ್ಲ. "ಏಯ್! ಎಲ್ಲಿಗೋ ಓಡ್ತೀಯಾ?" ಎಂದು ಅಚ್ಚ ಮಂಡ್ಯದ ಗಂಟಲಲ್ಲಿ ಕೂಗುತ್ತ ಹೋಗಿ ಅವನ ಕತ್ತಿನ ಪಟ್ಟಿ ಹಿಡಿದುಬಿಟ್ಟರು. ಹುಡುಗ ಓಡುತ್ತಲೇ ಇರಲಿಲ್ಲ.

ಓಡಿದವರು ಮಿಕ್ಕವರು. ಕಲ್ಲು ಬಿದ್ದ ಗೋಣಿಮರದ ಹಕ್ಕಿಗಳಂತೆ ಇಡೀ ಸಾಲು ಚೆದುರಿ ಸಂದಿಗಳಲ್ಲಿ ಮಾಯವಾಯಿತು. ಹೆಂಕ್ ಅರ್ಧ ತಿಂದ ಮೀನು ಬಿಸಾಕಿ ಓಡಿಬಂದು ಅವರ ಕೈ ಬಿಡಿಸಿದ. ಪೊಟ್ಟಣದಲ್ಲಿದ್ದದ್ದು ಬರೀ ಹೊಗೆಸೊಪ್ಪು. ಆ ದೇಶದಲ್ಲಿ ಮೇಷ್ಟ್ರು, ಗುಮಾಸ್ತರು, ಪಾದ್ರಿಗಳು ಎಲ್ಲರೂ ಕೈಯಲ್ಲೇ ಸುತ್ತಿಕೊಂಡು ಸೇದುತ್ತಾರಂತೆ. ಹುಡುಗನ ಹೆಸರು ಯೋಪ್. ಅವನು ಔಷಧಿ ಕುಡಿಯದೆ, ಯಾರ ಮುಖವನ್ನೂ ನೋಡದೆ ಹೊರಟುಹೋದ.

ಅದೇ ಜಾಗ, ಮರುದಿನ

ಮರುದಿನ ಬಸ್ಸು ಬಂತು, ಜನ ಬರಲಿಲ್ಲ. ನಾಕಾರು ಜನ ದೂರದಿಂದ ಇಣುಕಿ ವಾಪಸಾದರು. ರಿಯಾ ಕಟ್ಟೆಯ ಹಿಂದೆ ಲೋಟಗಳನ್ನು ಜೋಡಿಸುತ್ತ, ತೆಗೆಯುತ್ತ ಇದ್ದಳು. "ಯೋಪ್ ಮೊದಲ ಸಲ ಬಸ್ಸು ಹತ್ತೋದಕ್ಕೆ ಒಂದು ಚಳಿಗಾಲ ಹಿಡಿಯಿತು" ಎಂದಳು. ಅಷ್ಟೇ ಹೇಳಿದ್ದು. ಬೈದಿದ್ದರೆ ಚೆನ್ನಾಗಿತ್ತು.

ಬೈಯುವ ಕೆಲಸ ನಾನು ಮಾಡಿದೆ. ಚೌಕದ ನಡುವೆ ನಿಂತು, ಸೀರೆಯ ಮೇಲೆ ಕೋಟು ಹಾಕಿಕೊಂಡು, ತಿಂಗಳುಗಳಿಂದ ಕಟ್ಟಿಟ್ಟುಕೊಂಡಿದ್ದನ್ನೆಲ್ಲ ಕನ್ನಡದಲ್ಲಿ ಸುರಿದೆ. "ನೋಡಿ, ಚೆನ್ನಾಗಿ ನೋಡಿ. ನನ್ನ ಬೆಂಚು ಹೀಗೇ ಖಾಲಿ ಇರೋದು, ಮಂಗಳವಾರ ಮಂಗಳವಾರ. ಮುನಿರಾಜು ಈ ಹೊತ್ತಿಗೆ ಎಲ್ಲಿ ಬಿದ್ದಿದ್ದಾನೋ ಗೊತ್ತಾ ನಿಮಗೆ? ಅವನು ಸತ್ತರೆ ಯಾವ ಸೆಕ್ಷನ್ ಹಾಕ್ತೀರಿ?" ಮೀನಿನ ಗಾಡಿಯವನು ಚಾಕು ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದ.

ನಂಜೇಗೌಡರು ತಿರುಗಿ ಬೀಳಲಿಲ್ಲ. ಮಂಕಿ ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತ ನಿಂತಿದ್ದರು. ಹೆಂಕ್ ಹತ್ತಿರ ಬಂದು, ಅವರ ಭುಜ ಮುಟ್ಟಿ ಹೇಳಿದ: "ನಮ್ಮಲ್ಲಿ ಇಂಥ ತಪ್ಪು ಆಗುತ್ತೆ. ನಾನೂ ಮಾಡಿದ್ದೇನೆ. ಆದಾಗ ಒಂದು ಕೆಲಸ ಇದೆ. ನಾಳೆ ಬೆಳಿಗ್ಗೆ ನಿಮಗೊಂದು ಸೈಕಲ್ಲು ತರುತ್ತೇನೆ."

ಯೋಪನ ಮನೆ

ಆ ಕೆಲಸ ಏನೆಂದರೆ, ಯಾರು ಹೆದರಿಸಿದರೋ ಅವರೇ ಮನೆಮನೆಗೆ ಹೋಗಿ ಮತ್ತೆ ಕರೆಯುವುದು. ಪೊಲೀಸ್ ತಪ್ಪು ಮಾಡಿದರೆ ನರ್ಸಮ್ಮ ಹೋಗಿ ಸಮಾಧಾನ ಮಾಡುವುದಲ್ಲ, ಪೊಲೀಸೇ ಹೋಗಬೇಕು. ಹೆಂಕ್ ಇದನ್ನು ಹಾಲು ತರುವ ಕೆಲಸದಷ್ಟೇ ಸಹಜವಾಗಿ ಹೇಳಿದ.

ಸೈಕಲ್ಲಿನ ಕ್ಯಾರಿಯರ್ ಮೇಲೆ ಹೆಂಗಸರು ಒಂದೇ ಕಡೆ ಕಾಲು ಹಾಕಿ ಕೂರುವುದು ಅಲ್ಲಿಯೂ ಉಂಟು. ಹೆಂಕ್‌ನ ಹಿಂದೆ ನಾನು ಹಾಗೆ ಕೂತಾಗ, ಲಗ್ಗೆರೆಯಿಂದ ಯಶವಂತಪುರದ ಶಾಲೆಗೆ ಅಪ್ಪ ನನ್ನನ್ನು ಕೂರಿಸಿಕೊಂಡು ತುಳಿಯುತ್ತಿದ್ದದ್ದು ನೆನಪಾಯಿತು. ನಂಜೇಗೌಡರು ಹಿಂದೆ ಬರುತ್ತಿದ್ದರು. ಕಾನ್‌ಸ್ಟೇಬಲ್ ಆಗಿದ್ದಾಗ ಸೈಕಲ್ಲಿನಲ್ಲೇ ಬೀಟು ಸುತ್ತಿದವರು, ತುಳಿಯಲು ಬಾರದವರೇನಲ್ಲ. ಆದರೆ ಆ ಸೈಕಲ್ಲಿಗೆ ಕೈ ಬ್ರೇಕಿಲ್ಲ, ಪೆಡಲನ್ನು ಹಿಂದಕ್ಕೆ ತುಳಿದರೆ ಅದೇ ಬ್ರೇಕು. ನಾವೆಲ್ಲ ಇಳಿಜಾರಿನಲ್ಲಿ ಸುಮ್ಮನೆ ಪೆಡಲನ್ನು ಹಿಂದಕ್ಕೆ ಕಟಕಟ ತಿರುಗಿಸುತ್ತ ಹೋಗುತ್ತೇವಲ್ಲ, ಅವರೂ ಸೇತುವೆ ಇಳಿಯುವಾಗ ಅದನ್ನೇ ಮಾಡಿದರು. ಸೈಕಲ್ಲು ನಿಂತಿತು, ನಂಜೇಗೌಡರು ನಿಲ್ಲಲಿಲ್ಲ. ಬೇಲಿಯೊಳಗಿಂದ ಎಬ್ಬಿಸಿದಾಗ ಮೀಸೆಯಲ್ಲಿ ಎಲೆ ಸಿಕ್ಕಿಕೊಂಡಿತ್ತು. ಆ ಗಳಿಗೆಯಲ್ಲಿ ನಾನೂ ಅವರೂ ಮೊದಲ ಬಾರಿಗೆ ಒಟ್ಟಿಗೆ ನಕ್ಕೆವು.

ಯೋಪನ ಮನೆಯ ಬಾಗಿಲು ತೆರೆದದ್ದು ಅವನ ತಾಯಿ. ವಯಸ್ಸಾದ ಹೆಂಗಸು, ಏಪ್ರನ್ನಿನ ಮೇಲೆ ಕೈ ಒರೆಸಿಕೊಂಡಳು. ನಂಜೇಗೌಡರು ಹೊಸ್ತಿಲ ಹೊರಗೆ ಬಗ್ಗಿ ಬೂಟು ಬಿಚ್ಚತೊಡಗಿದರು. ಆಕೆಗೆ ಅದು ಯಾಕೆಂದು ಅರ್ಥವಾಗಲಿಲ್ಲ. ನನಗೆ ಬಾಯಿ ತಡೆಯಲಿಲ್ಲ.

"ಮುನಿರಾಜೂನ ಹಿಡಿದ ದಿನ ಪುಡಿ ಹುಡುಕ್ತೀವಿ ಅಂತ ದಾಸರಹಳ್ಳೀಲಿ ಅಕ್ಕಯ್ಯಮ್ಮನ ಅಡುಗೆಮನೆವರೆಗೂ ಬೂಟು ಹಾಕ್ಕೊಂಡೇ ಹೋಗಿದ್ರಿ."

ಅವರು ತಲೆ ಎತ್ತಲಿಲ್ಲ. "ಆವತ್ತು ಡ್ಯೂಟಿ ಮೇಲೆ ಹೋಗಿದ್ದೆ" ಎಂದರು. ಸ್ವಲ್ಪ ತಡೆದು, "ಇವತ್ತೂ ಡ್ಯೂಟಿನೇ ಅನ್ನಿ" ಎಂದು ಎರಡನೇ ಬೂಟನ್ನೂ ಬಿಚ್ಚಿದರು. ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು.

ಅಡುಗೆಮನೆಯ ಮೇಜಿನ ಮೇಲೆ ಬೀನ್ಸ್ ಹರಡಿತ್ತು. ಕಾಫಿ ಬಂತು, ಬಿಸ್ಕತ್ತು ಬಂತು, ಡಬ್ಬಿ ಮುಚ್ಚಿಕೊಂಡಿತು. ಆಕೆ ಮತ್ತೆ ಬೀನ್ಸ್ ಕೈಗೆತ್ತಿಕೊಂಡು ನಾರು ತೆಗೆಯತೊಡಗಿದಳು. ಏನು ಮಾಡಬೇಕೆಂದು ತೋಚದ ನಂಜೇಗೌಡರು ತಾವೂ ಒಂದು ಹಿಡಿ ಬೀನ್ಸ್ ಎಳೆದುಕೊಂಡು, ತುದಿ ಮುರಿದು ನಾರು ಎಳೆಯುತ್ತ ಕೂತರು. ಆಕೆ ಅವರ ಕೈಯನ್ನು ನೋಡಿದಳು, ಮುಖವನ್ನು ನೋಡಿದಳು, ಬಟ್ಟಲನ್ನು ಇಬ್ಬರ ನಡುವೆ ಸರಿಸಿದಳು.

"ತಪ್ಪಾಯ್ತಮ್ಮ" ಎಂದರು ನಂಜೇಗೌಡರು, ಕನ್ನಡದಲ್ಲಿ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದರು. ಹೆಂಕ್ ಅದನ್ನು ಡಚ್ಚಿಗೆ ತಿರುಗಿಸಿದ. ಕನ್ನಡ ಕೇಳಿದಾಗಲೇ ಆಕೆಗೆ ಅರ್ಥವಾಗಿತ್ತು ಎಂದು ನನ್ನ ನಂಬಿಕೆ.

ಆಕೆ ಒಂದು ಪ್ರಶ್ನೆ ಕೇಳಿದಳು. ಹೆಂಕ್ ಹಿಂದುಮುಂದು ನೋಡಿ ನಮಗೆ ಹೇಳಿದ: "ನಿಮ್ಮ ಊರಿನಲ್ಲೂ ಹೀಗೇ ಹಿಡೀತೀರಾ ಅಂತ ಕೇಳ್ತಿದ್ದಾರೆ. ಅಲ್ಲಿಯ ತಾಯಂದಿರು ಏನು ಮಾಡ್ತಾರೆ ಅಂತ."

ನಂಜೇಗೌಡರ ಕೈ ನಿಂತಿತು. ನಾನು ಏನಾದರೂ ಹೇಳಿ ಅವರನ್ನು ಪಾರು ಮಾಡಬಹುದಿತ್ತು, ಮಾಡಲಿಲ್ಲ. "ಹಿಡೀತೀವಿ" ಎಂದರು ಕೊನೆಗೆ. "ತಾಯಂದಿರು ಸ್ಟೇಷನ್ ಮುಂದೆ ಬಂದು ಕೂರ್ತಾರೆ. ನಾವು ಒಳಗೆ ಬಿಡಲ್ಲ."

ಯೋಪ್ ಅಟ್ಟದ ಮೇಲಿಂದ ಎಲ್ಲ ಕೇಳಿಸಿಕೊಂಡಿರಬೇಕು. ನಿಚ್ಚಣಿಕೆಯಷ್ಟು ಕಡಿದಾದ ಮೆಟ್ಟಿಲಿನಲ್ಲಿ ಇಳಿದು ಬಂದ. ಮುಖ ಬಿಳಿಚಿತ್ತು, ಮೈ ನಡುಗುತ್ತಿತ್ತು. ಕುರ್ಚಿ ಎಳೆದುಕೊಂಡು ಕೂತು, ಪೊಟ್ಟಣ ಬಿಚ್ಚಿ, ನಡುಗುವ ಬೆರಳಲ್ಲೇ ಒಂದು ಸಿಗರೇಟು ಸುತ್ತಿ ನಂಜೇಗೌಡರ ಮುಂದೆ ಇಟ್ಟ. ಜನ್ಮದಲ್ಲಿ ಹೊಗೆ ಮುಟ್ಟದ ಮನುಷ್ಯ ಅದನ್ನು ಹಚ್ಚಿಕೊಂಡು, ಕೆಮ್ಮಿ, ಕಣ್ಣಲ್ಲಿ ನೀರು ತಂದುಕೊಂಡು ಪೂರ್ತಿ ಸೇದಿದರು. ಆ ನೀರೆಲ್ಲ ಹೊಗೆಯದೇ ಎಂದು ನಾನು ಪ್ರಮಾಣ ಮಾಡಲಾರೆ.

ಹಾಗೆಯೇ ಇನ್ನಷ್ಟು ಮನೆ ತಿರುಗಿದೆವು. ಕೆಲವರು ಬಾಗಿಲು ತೆರೆಯಲಿಲ್ಲ. ಒಬ್ಬಳು ಮುಖದ ಮೇಲೆ ಬಾಗಿಲು ಹಾಕಿದಳು. ಹೆಂಕ್ "ನಾಳೆ ಮತ್ತೆ ಬರೋಣ" ಎಂದ. ನಾವು ಹೊರಡುವ ಹೊತ್ತಿಗೆ ಬಸ್ಸಿನ ಮುಂದೆ ಸಾಲು ಮತ್ತೆ ಬೆಳೆದಿತ್ತು, ಪೂರ್ತಿ ಅಲ್ಲ. ಯೋಪ್ ಇದ್ದ.

ವಾಪಸಿನ ವಿಮಾನದಲ್ಲಿ, ಅಕ್ಕಯ್ಯಮ್ಮ ಹೇಳಿಕಳಿಸಿದ್ದನ್ನು ತಿಳಿಸಿ, ಮಾತು ಕೊಡ್ತೀರಾ ಎಂದು ನಾನು ಕೇಳಿಯೇಬಿಟ್ಟೆ. ಅವರು ಕಿಟಕಿಯಾಚೆ ನೋಡುತ್ತಲೇ ಹೇಳಿದರು: "ಮಾತು ಕೊಡೋದು ಸುಲಭ ಡಾಕ್ಟ್ರೇ. ಮೇಲಿನೋರು ಕೇಸೆಲ್ಲಿ ಅಂತ ಕೇಳ್ತಾರೆ. ನಿಮ್ಮ ಬಾಗಿಲಲ್ಲಿ ಸಿಕ್ಕಿದಷ್ಟು ಸಲೀಸಾಗಿ ಇನ್ನೆಲ್ಲೂ ಸಿಕ್ಕಲ್ಲ. ಅದಕ್ಕೇ ಬಂದಿದ್ದು ನಾನು, ಸುಳ್ಳು ಹೇಳಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಮಾರೋನ್ನ ಬಿಡಲ್ಲ. ಅವನ ಹಿಂದೆ ಬೀಳ್ತೀನಿ, ಕಷ್ಟ ಆದ್ರೂ ಸರಿ. ನಿಮ್ಮ ಬೀದೀಲಿ ಮಂಗಳವಾರ ನಮ್ಮೋರ ನೆರಳೂ ಬೀಳಲ್ಲ. ಹೋಗಿ ಹೇಳಿ ಆಯಮ್ಮಂಗೆ." ಮತ್ತೆ ತಾವೇ ತಿದ್ದಿಕೊಂಡರು: "ಬೇಡ. ನಾನೇ ಹೇಳ್ತೀನಿ."

ಮತ್ತೆ ದಾಸರಹಳ್ಳಿ

ಅವರು ಮಫ್ತಿಯಲ್ಲಿ ಅಕ್ಕಯ್ಯಮ್ಮನ ಮನೆಗೆ ಹೋದರು. ಆಕೆ ಬಾಗಿಲು ಸಂದಿಯಿಂದ ನೋಡಿ, ಮಗ ತಿರುಪತಿಗೆ ಹೋಗಿದ್ದಾನೆ ಎಂದು ಹೇಳಿ ಚಿಲಕ ಹಾಕಿಕೊಂಡರು. ಮತ್ತೆ ಹೋದರು. ಮಗ ಇನ್ನೂ ತಿರುಪತಿಯಲ್ಲೇ ಇದ್ದ.

"ತಾಯಿ, ಮಾತೇನೋ ತಂದ್ರಿ" ಎಂದು ಅಕ್ಕಯ್ಯಮ್ಮ ನನ್ನ ಹತ್ತಿರ ಬಂದು ಹೇಳಿದರು. "ಆದ್ರೆ ಬಾಯ್ಮಾತಲ್ವಾ? ಮುನಿರಾಜು ಅದು ಬಲೆ ಅಂತಾನೆ. ನಂಗೂ ಅಂಗೇ ಅನ್ನುಸ್ತದೆ."

ನಂಜೇಗೌಡರ ಮಾತು ನಿಜವೆಂದು ನಾನು ಬಲ್ಲೆ, ಯಾಕೆಂದರೆ ಅವರು ಬೀನ್ಸಿನ ನಾರು ತೆಗೆದದ್ದನ್ನು ನೋಡಿದ್ದೆ. ಅದನ್ನು ಅಕ್ಕಯ್ಯಮ್ಮನಿಗೆ ಹೇಗೆ ತೋರಿಸಲಿ? ಒಂದು ಮಂಗಳವಾರ ಕಳೆಯಿತು, ಇನ್ನೊಂದು ಕಳೆಯಿತು. ಸಂಜೆಯಾದರೆ ಸ್ಟೇಷನ್ನಿನಿಂದ ಫೋನು ಬರುತ್ತಿತ್ತು: "ಯಾರಾದ್ರೂ ಬಂದ್ರಾ ಡಾಕ್ಟ್ರೇ?" ಇಲ್ಲ ಎಂದರೆ "ಹೂಂ" ಎಂದು ಇಟ್ಟುಬಿಡುತ್ತಿದ್ದರು.

ಮುಂದಿನ ಮಂಗಳವಾರ ಅಕ್ಕಯ್ಯಮ್ಮ ಒಬ್ಬರೇ ಬಂದರು. ಕಾಯಿಲೆ ಏನೂ ಇಲ್ಲ ಎಂದು ಹೇಳಿ, ಬೀದಿ ಕಾಣುವ ಹಾಗೆ ಬೆಂಚಿನ ಮೇಲೆ ಕೂತರು. ಎದುರಿನ ಟೀ ಅಂಗಡಿಯಲ್ಲಿ ಕೂತವರ ಮುಖವನ್ನೆಲ್ಲ ಒಂದೊಂದಾಗಿ ನೋಡಿದರು. ಪರಿಚಯವಿಲ್ಲದವನೊಬ್ಬ ಕಂಡರೆ ಎದ್ದು ಹೋಗಿ, "ಯಾವೂರಪ್ಪ ನಿಂದು, ಏನ್ ಕೆಲ್ಸ?" ಎಂದು ವಿಚಾರಿಸಿ ಬಂದು ಮತ್ತೆ ಕೂತರು. ಆಮೇಲಿನ ಮಂಗಳವಾರವೂ ಹಾಗೆಯೇ ಮಾಡಿದರು. ನಮ್ಮ ಬೀದಿಯಲ್ಲಿ ಅಷ್ಟು ಕಟ್ಟುನಿಟ್ಟಿನ ಪಹರೆ ಪೊಲೀಸರು ಕೂಡ ಕೊಟ್ಟಿರಲಿಲ್ಲ.

ಕೊನೆಗೊಂದು ಮಂಗಳವಾರ ಮಗನ ಮಣಿಕಟ್ಟು ಹಿಡಿದುಕೊಂಡು ಬಂದರು. ಮುನಿರಾಜು ಅರ್ಧಕ್ಕರ್ಧ ಇಳಿದುಹೋಗಿದ್ದ. ಕೆನ್ನೆ ಒಳಗೆ ಹೋಗಿತ್ತು, ಲೇಥು ಹಿಡಿಯುವ ಆ ಬೆರಳುಗಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಚಪ್ಪಲಿ ಬಾಗಿಲಲ್ಲಿ ಬಿಟ್ಟು ಬೆಂಚಿನ ತುದಿಯಲ್ಲಿ ಕೂತ. ನಾನು ಸಂತೋಷವನ್ನು ಮುಖದಲ್ಲಿ ತೋರಿಸದೆ, ದಿನಾ ಬರುವವನನ್ನು ಮಾತಾಡಿಸುವ ಹಾಗೆ "ಬಂದ್ಯೇನಪ್ಪಾ" ಎಂದೆ.

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಜೀಪಿನ ಸದ್ದು ಕೇಳಿಸಿತು.

ಪೊಲೀಸ್ ಜೀಪೇ, ಮುಂದಿನ ಸೀಟಿನಲ್ಲಿ ಯೂನಿಫಾರ್ಮಿನಲ್ಲಿ ನಂಜೇಗೌಡರೇ. ಆಮೇಲೆ ತಿಳಿದದ್ದು, ಹೊಸದಾಗಿ ವರ್ಗವಾಗಿ ಬಂದ ಡ್ರೈವರು ಲಗ್ಗೆರೆ ಕಡೆಯಿಂದ ಬರುವಾಗ ಹತ್ತಿರದ ದಾರಿ ಎಂದು ನಮ್ಮ ಬೀದಿಗೆ ತಿರುಗಿಸಿಬಿಟ್ಟಿದ್ದ. ಆದರೆ ಆ ಗಳಿಗೆಯಲ್ಲಿ ನಮಗೆ ಕಂಡದ್ದು ಜೀಪು ಮಾತ್ರ. ಮುನಿರಾಜು ಎದ್ದುಬಿಟ್ಟ. ಚಪ್ಪಲಿ ಮೆಟ್ಟಿದ. ಅಕ್ಕಯ್ಯಮ್ಮ ನನ್ನ ಕಡೆ ನೋಡಿದ ನೋಟವನ್ನು ನಾನು ಇನ್ನೂ ಮರೆತಿಲ್ಲ.

ಜೀಪು ಗಕ್ಕನೆ ನಿಂತಿತು. ಒಳಗಿಂದ ನಂಜೇಗೌಡರ ಗಂಟಲು ಬೀದಿಗೆಲ್ಲ ಕೇಳಿಸಿತು: "ಲೇ, ಇವತ್ತು ಮಂಗಳವಾರ ಕಣೋ! ತೆಗೆಯೋ, ಹಿಂದಕ್ ತೆಗೆಯೋ!" ನಮ್ಮ ಬೀದಿ ಎತ್ತಿನ ಗಾಡಿಯ ಕಾಲದ್ದು, ಅಲ್ಲಿ ಜೀಪು ತಿರುಗಿಸಲು ಜಾಗವಿಲ್ಲ. ಅದು ಬಂದ ದಾರಿಯಲ್ಲೇ ಹಿಮ್ಮುಖವಾಗಿ, ಕೋಳಿಗಳನ್ನು ಚೆದುರಿಸಿಕೊಂಡು, ಒಣಗಲು ಹಾಕಿದ್ದ ಸೀರೆಯೊಂದನ್ನು ತಲೆಗೆ ಸುತ್ತಿಕೊಂಡು, ಎಡಕ್ಕೂ ಬಲಕ್ಕೂ ತಡಕಾಡುತ್ತ ಹೋಯಿತು. ಇನ್ಸ್‌ಪೆಕ್ಟರ ಕೈ ಮಾತ್ರ ಹೊರಗೆ ಚಾಚಿಕೊಂಡು ಹಿಂದಕ್ಕೆ ಹಿಂದಕ್ಕೆ ಎಂದು ಬೀಸುತ್ತಲೇ ಇತ್ತು. ನಮ್ಮ ಕಡೆ ಅವರು ಒಂದು ಸಲವೂ ನೋಡಲಿಲ್ಲ. ಬೀದಿಯ ಜನವೆಲ್ಲ ಬಾಗಿಲಿಗೆ ಬಂದು ನಗುತ್ತಿದ್ದರು. ನಾನು ಅಳುತ್ತಿದ್ದೆ.

ಜೀಪು ಮೂಲೆಯಲ್ಲಿ ಕಣ್ಮರೆಯಾಗಿ, ಅದರ ಸದ್ದೂ ತುಮಕೂರು ರಸ್ತೆಯ ಲಾರಿಗಳಲ್ಲಿ ಬೆರೆತುಹೋಗುವ ತನಕ ಮುನಿರಾಜು ಬಾಗಿಲಲ್ಲೇ ನಿಂತಿದ್ದ. ಆಮೇಲೆ ಚಪ್ಪಲಿ ಕಳಚಿದ. ಒಳಗೆ ಬಂದು ಬೆಂಚಿನ ಮೇಲೆ ಕೂತು, ನಾಡಿ ನೋಡಲಿ ಎಂದು ಅಂಗಿಯ ತೋಳು ಮೇಲೇರಿಸಿದ. ಅವನನ್ನು ಬಿಟ್ಟರೆ ಆ ಮಧ್ಯಾಹ್ನ ಅಲ್ಲಿ ಬೇರೆ ಒಬ್ಬ ಕಾಯಿಲೆಯವನೂ ಇರಲಿಲ್ಲ.

"ಡಾಕ್ಟ್ರಮ್ಮ" ಎಂದ, "ನನ್ ಸರದಿ ಇನ್ನೂ ಐತಾ?"